ಮಾವನ ದವಡೆ ಊದಿದೆ, ಸೋಮವಾರದವರೆಗೆ ಕಾಯಬಹುದಾ?

ಡೊಂಬಿವಲಿ ಸೊಸೆ · ಶನಿವಾರ ರಾತ್ರಿ 10:48

ಯಾರಾದರೂ ಎಚ್ಚರ ಇದ್ದೀರಾ? ನಮ್ಮ ಮಾವನಿಗೆ 67 ವರ್ಷ, ಶುಗರ್ ಇದೆ. ಕೆಳಗಿನ ಬಲಗಡೆಯ ಕೊನೆಯ ದವಡೆ ಹಲ್ಲು ಹತ್ತು ದಿನದಿಂದ ನೋಯುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಕೇಳಲಿಲ್ಲ. ಬುಧವಾರ ನೋವು ತಾನಾಗಿಯೇ ನಿಂತಿತು. "ನೋಡಿದ್ಯಾ, ಸಾವಿರಾರು ರೂಪಾಯಿ ಉಳೀತು" ಅಂತ ಅವತ್ತು ಎರಡು ಲೋಟ ಚಹಾ ಕುಡಿದರು.

ನಿನ್ನೆಯಿಂದ ದವಡೆಯ ಕೆಳಗೆ ಊದಿಕೊಂಡಿದೆ. ಡ್ರಾಯರ್‌ನಲ್ಲಿ ಹಳೆಯ ಅಮಾಕ್ಸಿಸಿಲಿನ್ ಮೂರು ಉಳಿದಿತ್ತು, ಅದನ್ನೇ ನುಂಗಿದ್ದಾರೆ. ಈಗ ಜ್ವರವೂ ಇದೆ. ನಮ್ಮ ಡೆಂಟಿಸ್ಟ್ ಭಾನುವಾರ ಇರೋದಿಲ್ಲ. ಹೊರಗೆ ಮಳೆ ಬೇರೆ. ನೋವು ಅಷ್ಟೇನೂ ಇಲ್ಲ ಅಂತಾರೆ. ಸೋಮವಾರ ಬೆಳಿಗ್ಗೆ ಕರೆದುಕೊಂಡು ಹೋದರೆ ಸಾಕಾ?

ಮಾಟುಂಗಾ ಹಳಬ · 10:53

ಗಾಬರಿ ಬೇಡಮ್ಮ. ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಲಿ. ಹಲ್ಲಿಗೆ ಲವಂಗ ಇಟ್ಟುಕೊಳ್ಳಲಿ. ನಾನು ನಲವತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ. ನೋವು ಇಲ್ಲ ಅಂದಮೇಲೆ ಸೋಮವಾರದವರೆಗೆ ತೊಂದರೆ ಇಲ್ಲ.

ಕಾಂದಿವಲಿ ಕಾಫಿ · 10:55

ಬಿಸಿ ನೀರಿನ ಚೀಲ ಇಟ್ಟು ಶಾಖ ಕೊಡಿ, ಕೀವು ಬೇಗ ಹಣ್ಣಾಗಿ ಒಡೆಯುತ್ತದೆ. ನಮ್ಮ ಅಮ್ಮನಿಗೆ ಹಾಗೇ ಆಗಿತ್ತು.

ಠಾಣೆ ಹಲ್ಲು ವೈದ್ಯೆ · 11:02

ಶಾಖ ಕೊಡಬೇಡಿ. ಲವಂಗವೂ ಸದ್ಯಕ್ಕೆ ಬೇಡ. ಈಗಷ್ಟೇ ನೋಡಿದೆ. ಡೊಂಬಿವಲಿಯವರೇ, ಮಾವನ ಎದುರು ಕೂತು ಇಷ್ಟು ನೋಡಿ ಹೇಳಿ.

ಗದ್ದದ ಕೆಳಗೆ ಒತ್ತಿ ನೋಡಿ, ಮೆತ್ತಗಿದೆಯಾ, ಹಲಗೆ ಹಾಗೆ ಗಟ್ಟಿ ಇದೆಯಾ? ಊತ ಒಂದೇ ಕಡೆಯಾ, ಎರಡೂ ಕಡೆಗೆ ಹಬ್ಬಿದೆಯಾ? ಬಾಯಿ ಎಷ್ಟು ತೆರೆಯುತ್ತದೆ, ಎರಡು ಬೆರಳು ಒಂದರ ಮೇಲೊಂದು ಇಟ್ಟರೆ ಒಳಗೆ ಹೋಗುತ್ತವಾ? ನಾಲಿಗೆ ಹೊರಗೆ ಚಾಚಲು ಆಗುತ್ತಾ? ಎಂಜಲು ನುಂಗುತ್ತಿದ್ದಾರಾ, ಒರೆಸಿಕೊಳ್ಳುತ್ತಿದ್ದಾರಾ? ಮಾತು ಹೇಗಿದೆ? ಮಲಗಲು ಆಗುತ್ತಾ?

ನೋವು ಎಷ್ಟಿದೆ ಅಂತ ನಾನು ಕೇಳುತ್ತಿಲ್ಲ.

ಡೊಂಬಿವಲಿ ಸೊಸೆ · 11:09

ಗಟ್ಟಿ ಇದೆ. ಚಪಾತಿ ಮಣೆ ಮುಟ್ಟಿದ ಹಾಗಿದೆ. ಬೆಳಿಗ್ಗೆ ಬಲಗಡೆ ಮಾತ್ರ ಇತ್ತು, ಈಗ ಎಡಗಡೆಗೂ ಬಂದಿದೆ. ಬೆರಳು ಒಂದೂ ಸರಿಯಾಗಿ ಹೋಗುತ್ತಿಲ್ಲ. ಮಾತು ಬಾಯಲ್ಲಿ ಅವಲಕ್ಕಿ ತುಂಬಿಕೊಂಡು ಆಡಿದ ಹಾಗಿದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದಾರೆ. ಯಾಕೆ ಅಂತ ಇದುವರೆಗೂ ನಾನು ಯೋಚಿಸಿಯೇ ಇರಲಿಲ್ಲ. ನೋಡಿದರೆ ಜೊಲ್ಲು ಒರೆಸಿಕೊಳ್ಳುತ್ತಿದ್ದಾರೆ. ಸಂಜೆಯ ಚಹಾ ಕಪ್ಪಿನಲ್ಲೇ ಇದೆ. ಮಲಗಿದರೆ ಕಸಿವಿಸಿ ಆಗುತ್ತೆ ಅಂತ ದಿಂಬಿಗೆ ಒರಗಿ ಕೂತಿದ್ದಾರೆ.

ಠಾಣೆ ಹಲ್ಲು ವೈದ್ಯೆ · 11:11

ಈಗಲೇ ಹೊರಡಿ. ಹಲ್ಲಿನ ಕ್ಲಿನಿಕ್‌ಗಲ್ಲ. ಐಸಿಯು, ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. 108ಕ್ಕೆ ಫೋನ್ ಮಾಡಿ. ಅದು ತಡ ಆಗುತ್ತೆ ಅಂದರೆ ಸಿಕ್ಕ ಗಾಡಿ ಹಿಡಿಯಿರಿ. ದಾರಿಯುದ್ದಕ್ಕೂ ಕೂರಿಸಿಕೊಂಡೇ ಹೋಗಿ, ಮಲಗಿಸಬೇಡಿ. ತಿನ್ನಲು ಕುಡಿಯಲು ಏನೂ ಬೇಡ, ಆಪರೇಷನ್ ಬೇಕಾಗಬಹುದು. ಶುಗರ್ ಮಾತ್ರೆಯ ಚೀಟಿ, ಆ ಅಮಾಕ್ಸಿಸಿಲಿನ್ ಸ್ಟ್ರಿಪ್ ಎರಡೂ ಜೊತೆಗಿರಲಿ.

ಡೊಂಬಿವಲಿ ಸೊಸೆ · 11:14

ಬರೋದಿಲ್ಲ ಅಂತಿದ್ದಾರೆ. "ಹಲ್ಲು ನೋವಿಗೆ ಆಂಬುಲೆನ್ಸಾ, ಸೊಸೈಟಿಯವರು ನಗ್ತಾರೆ" ಅಂತ ಕೈಯಲ್ಲಿ ಸನ್ನೆ ಮಾಡುತ್ತಿದ್ದಾರೆ.

ಠಾಣೆ ಹಲ್ಲು ವೈದ್ಯೆ · 11:15

ಇದು ಹಲ್ಲು ನೋವಲ್ಲ ಅಂತ ಹೇಳಿ. ಹಲ್ಲಿನಿಂದ ಶುರುವಾಗಿ ಗಂಟಲಿಗೆ ಇಳಿದಿರುವ ಸೋಂಕು. ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ನನ್ನ ಮಾತು ಕೇಳದಿದ್ದರೆ ಫೋನ್ ಕೊಡಿ, ನಾನೇ ಬೈಯುತ್ತೇನೆ. ನಂಬರ್ ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ.

ಡೊಂಬಿವಲಿ ಸೊಸೆ · 11:57

ಇವರ ಗಂಡ ಬರೆಯುತ್ತಿದ್ದೇನೆ. ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಬಂದೆವು. ಕೌಂಟರ್‌ನಲ್ಲಿ "ದಾತಾಚೀ ಕೇಸ್ ಆಹೇ (ಹಲ್ಲಿನ ಕೇಸು), ಬೆಳಿಗ್ಗೆ ಡೆಂಟಿಸ್ಟ್ ಬರುತ್ತಾರೆ, ಇಂಜೆಕ್ಷನ್ ಕೊಡುತ್ತೇವೆ" ಅಂತ ಅಷ್ಟೇ ಹೇಳುತ್ತಿದ್ದಾರೆ.

ಠಾಣೆ ಹಲ್ಲು ವೈದ್ಯೆ · 11:59

ಅಲ್ಲಿ ಕಾಯಬೇಡಿ. ಮುಂದಿನ ಆಸ್ಪತ್ರೆಯ ಕೌಂಟರ್‌ನಲ್ಲಿ "ಹಲ್ಲು" ಅನ್ನುವ ಮಾತನ್ನೇ ಮೊದಲು ಎತ್ತಬೇಡಿ. "ಗಿಳತಾ ಯೇತ್ ನಾಹೀ, ಜೀಭ್ ವರ್ ಆಲೀ ಆಹೇ, ಶ್ವಾಸ್ ಘ್ಯಾಯ್ಲಾ ತ್ರಾಸ್ ಹೋತೋಯ್, ಶುಗರ್ ಆಹೇ" ಅನ್ನಿ. ನುಂಗಲು ಆಗುತ್ತಿಲ್ಲ, ನಾಲಿಗೆ ಮೇಲೆ ಬಂದಿದೆ, ಉಸಿರಾಟ ಕಷ್ಟ. ಇದು ಕೇಳಿದರೆ ಯಾರೂ ಕುರ್ಚಿ ತೋರಿಸಿ ಕೂರಿಸುವುದಿಲ್ಲ.

ಡೊಂಬಿವಲಿ ಸೊಸೆ · ಭಾನುವಾರ ಬೆಳಗಿನ ಜಾವ 3:36

ಥಿಯೇಟರ್ ಒಳಗೆ ಕರೆದುಕೊಂಡು ಹೋದರು. ನೀವು ಹೇಳಿಕೊಟ್ಟ ಮಾತು ಕೇಳಿದ ತಕ್ಷಣ ಒಬ್ಬರು ಓಡಿ ಬಂದು ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿದರು. ಶುಗರ್ 380 ಇತ್ತು. ಸಿಟಿ ಸ್ಕ್ಯಾನ್ ಮಾಡಿದರು. ಎಚ್ಚರ ಇರುವಾಗಲೇ ಮೂಗಿನಿಂದ ಪೈಪ್ ಇಳಿಸುತ್ತಾರಂತೆ, ಆಗದಿದ್ದರೆ ಕತ್ತಿನಲ್ಲಿ ತೂತು ಮಾಡಬೇಕು ಅಂತ ಸಹಿ ಹಾಕಿಸಿಕೊಂಡರು. ಸಹಿ ಮಾಡುವಾಗ ಇವರ ಕೈ ನಡುಗುತ್ತಿತ್ತು. ನಾನು ಮಾವನ ಟವೆಲ್ ಹಿಡಿದುಕೊಂಡು ಕೂತಿದ್ದೇನೆ.

ಮಾಟುಂಗಾ ಹಳಬ · ಬೆಳಿಗ್ಗೆ 6:20

ಈಗ ಎದ್ದು ಓದಿದೆ. ಸೋಮವಾರದವರೆಗೆ ತೊಂದರೆ ಇಲ್ಲ ಅಂತ ಬರೆದವನು ನಾನೇ. ಅಳಿಸಿಬಿಡೋಣ ಅನ್ನಿಸಿತು. ಆದರೆ ಇರಲಿ, ನನ್ನ ಹಾಗೆ ಯೋಚಿಸುವವರು ಇನ್ನೂ ಇರುತ್ತಾರೆ. ತಾಯಿ, ಕ್ಷಮಿಸು. ಹೇಗಿದ್ದಾರೆ ಅಂತ ತಿಳಿಸು.

ಡೊಂಬಿವಲಿ ಸೊಸೆ · 8:05

ಮೂಗಿನಿಂದಲೇ ಪೈಪ್ ಹೋಯಿತು, ಕತ್ತು ಕೊಯ್ಯಲಿಲ್ಲ. ಗದ್ದದ ಕೆಳಗೆ ಎರಡು ಕಡೆ ಸೀಳಿ ಕೀವು ತೆಗೆದು ರಬ್ಬರ್ ನಳಿಕೆ ಬಿಟ್ಟಿದ್ದಾರೆ. ಆ ಹಲ್ಲನ್ನೂ ಕಿತ್ತರು. ಐಸಿಯುನಲ್ಲಿದ್ದಾರೆ. ಡಾಕ್ಟರು ಹೇಳಿದ ಹೆಸರು ಲಡ್ವಿಗ್ ಆಂಜೈನಾ. ಹೃದಯದ ಕಾಯಿಲೆ ಅಂದುಕೊಂಡು ನಮ್ಮತ್ತೆ ಇನ್ನೂ ಜೋರಾಗಿ ಅತ್ತರು.

ಹಳಬರೇ, ಕ್ಷಮೆ ಏನೂ ಬೇಡ. ನಿಮ್ಮ ಮಾತು ಓದಿ ನನಗೂ ಸಮಾಧಾನ ಆಗಿತ್ತು. ಅದಕ್ಕೇ ಈಗ ಭಯ ಆಗುತ್ತಿದೆ.

ಒಂದು ಪ್ರಶ್ನೆ. ನೋವು ನಿಂತಿತ್ತಲ್ಲ? ನಿಂತ ಮೇಲೆ ಇಷ್ಟೆಲ್ಲ ಹೇಗೆ ಆಯಿತು?

ಠಾಣೆ ಹಲ್ಲು ವೈದ್ಯೆ · 9:40

ದೊಡ್ಡ ಗಂಡಾಂತರ ಕಳೆಯಿತು. ಕ್ಲಿನಿಕ್ ರಜೆ, ಆರಾಮಾಗಿ ಬರೆಯುತ್ತೇನೆ.

ಹಲ್ಲಿನ ನಡುವೆ ನರ, ರಕ್ತನಾಳ ಇರುವ ಸಣ್ಣ ಕೋಣೆ ಇದೆ. ಸುತ್ತ ಗೋಡೆ ಗಟ್ಟಿ, ಹಿಗ್ಗಲು ಜಾಗವಿಲ್ಲ. ಹುಳುಕು ಅಲ್ಲಿಗೆ ಮುಟ್ಟಿದಾಗ ಒಳಗೆ ಒತ್ತಡ ಏರುತ್ತದೆ. ಆ ನೋವು ಕೆಟ್ಟದ್ದು. ಮಲಗಿದರೆ ತಲೆಯ ಕಡೆಗೆ ರಕ್ತ ಜಾಸ್ತಿ ಬರುವುದರಿಂದ ಇನ್ನೂ ಹೆಚ್ಚುತ್ತದೆ. ಹಲ್ಲು ನೋವು ರಾತ್ರಿಯೇ ಜೀವ ತಿನ್ನುವುದು ಅದಕ್ಕೇ. ಕೆಲವು ದಿನಗಳಲ್ಲಿ ಆ ನರ ಸಾಯುತ್ತದೆ. ನರ ಸತ್ತ ಮೇಲೆ ನೋವು ಎಲ್ಲಿಂದ ಬರಬೇಕು? ನಿಮ್ಮ ಮಾವ ಎರಡು ಲೋಟ ಚಹಾ ಕುಡಿದದ್ದು ಆ ಬುಧವಾರ. ಸೋಂಕು ಮಾತ್ರ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಲೇ ಇತ್ತು.

ಕೆಳಗಿನ ಕೊನೆಯ ಎರಡು ದವಡೆ ಹಲ್ಲುಗಳಲ್ಲಿ ಇನ್ನೊಂದು ತೊಂದರೆ ಇದೆ. ಬಾಯಿಯ ತಳಕ್ಕೆ ಜೋಳಿಗೆಯ ಹಾಗೆ ಒಂದು ಸ್ನಾಯು ಇರುತ್ತದೆ. ಈ ಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಆ ಸ್ನಾಯು ಅಂಟಿರುವ ಗೆರೆಗಿಂತ ಕೆಳಗಿರುತ್ತದೆ. ಹಾಗಾಗಿ ಕೀವು ಬಾಯೊಳಗೆ ಒಡೆಯದೆ ಕತ್ತಿನ ಕಡೆಗೆ ಜಾರುತ್ತದೆ. ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು ಉಸಿರಿನ ದಾರಿಗೆ ಬರುತ್ತದೆ. 1836ರಲ್ಲಿ ಇದನ್ನು ವಿವರಿಸಿದವರು ಜರ್ಮನಿಯ ಲಡ್ವಿಗ್ ಎಂಬ ವೈದ್ಯರು. ಇಲ್ಲಿ ಆಂಜೈನಾ ಅಂದರೆ ಉಸಿರು ಕಟ್ಟಿದ ಹಾಗಾಗುವುದು, ಹೃದಯಕ್ಕೆ ಸಂಬಂಧ ಇಲ್ಲ. ಅತ್ತೆಗೆ ಹೇಳಿ. ಆಂಟಿಬಯಾಟಿಕ್ ಬರುವ ಮೊದಲು ಇದು ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯುತ್ತಿರಲಿಲ್ಲ.

ಕಾಂದಿವಲಿ ಕಾಫಿ · 9:52

ಮತ್ತೆ ಅಮಾಕ್ಸಿಸಿಲಿನ್ ಯಾಕೆ ಕೆಲಸ ಮಾಡಲಿಲ್ಲ? ಆಂಟಿಬಯಾಟಿಕ್ ತಾನೇ ಅದು?

ಠಾಣೆ ಹಲ್ಲು ವೈದ್ಯೆ · 9:58

ಮಾತ್ರೆ ರಕ್ತದ ಜೊತೆ ಹೋಗಬೇಕು. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲ. ಕೀವಿನ ಚೀಲದ ಒಳಗೂ ಅದು ಸರಿಯಾಗಿ ಹೋಗುವುದಿಲ್ಲ. ಕೊಳೆತ ಬಟಾಟೆ ಗೋಣಿಯೊಳಗೇ ಇಟ್ಟು ಕೋಣೆಗೆಲ್ಲ ಅಗರಬತ್ತಿ ಹಚ್ಚಿದ ಹಾಗೆ. ರೂಟ್ ಕೆನಾಲ್ ಮಾಡಿಯೋ, ಹಲ್ಲು ಕಿತ್ತೋ, ಸೀಳಿಯೋ ಕೀವು ಹೊರಗೆ ಹೋಗಲೇಬೇಕು. ಅದರ ಜೊತೆಗೆ ಆಂಟಿಬಯಾಟಿಕ್, ಅದೂ ಬೇಕಾದಾಗ ಮಾತ್ರ. ಡ್ರಾಯರ್‌ನ ಮೂರು ಮಾತ್ರೆಯಿಂದ ಏನೂ ಆಗುವುದಿಲ್ಲ. ಆದರೆ ಏನೋ ಮಾಡಿದ್ದೇವೆ ಅನ್ನುವ ಧೈರ್ಯದಲ್ಲಿ ಎರಡು ದಿನ ಹೋಗಿಬಿಡುತ್ತದೆ.

ಶಾಖದ ವಿಷಯ: ಹೊರಗಿನಿಂದ ಬಿಸಿ ಕೊಟ್ಟರೆ ಊತ ಹೆಚ್ಚಬಹುದು. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಬೆಚ್ಚಗಿನ ಉಪ್ಪುನೀರು ಬಾಯೊಳಗೆ ಮುಕ್ಕಳಿಸಬಹುದು, ಅದರಲ್ಲಿ ತಪ್ಪಿಲ್ಲ. ಹಳಬರ ಆ ಅರ್ಧ ಮಾತು ಸರಿ.

ವಾಸ್ಕೊ ವೆಲ್ಡರ್ · 10:30

ನಮಸ್ಕಾರ ರೀ. ನಮ್ಮ ಕಡೆ ಇನ್ನೊಂದು ಕಥೆ. ಹೋದ ವರ್ಷ ಮಧ್ಯಾಹ್ನ ಹಲ್ಲು ಕೀಳಿಸಿಕೊಂಡು ಬಂದೆ. ಸಂಜೆ ಹೊತ್ತಿಗೆ ರಕ್ತ ಶುರು. ರೂಮಿನಲ್ಲಿ ಆರು ಜನ, ಎಲ್ಲರೂ ಬಾಗಲಕೋಟೆ, ಗದಗ ಕಡೆಯವರು. ಒಬ್ಬ ಉಪ್ಪುನೀರು ಅಂದ, ಒಬ್ಬ ಹತ್ತಿಯಲ್ಲಿ ಗೋವಾದ ಸಾರಾಯಿ ಫೆನಿ ಅದ್ದಿ ಇಡು ಅಂದ. ಎರಡೂ ಮಾಡಿದೆ. ಉಗುಳಿ ಉಗುಳಿ ಬಕೆಟ್ ಕೆಂಪಾಯಿತು. ಕೊನೆಗೆ ರಾತ್ರಿ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿಯ ಸಿಸ್ಟರ್ ಬಟ್ಟೆ ಮಡಚಿ ಇಟ್ಟು, ಕಚ್ಚಿಕೊಂಡು ಸುಮ್ನೆ ಕೂಡು ಅಂದರು. ಅರ್ಧ ತಾಸಿನಲ್ಲಿ ನಿಂತಿತು. ಆಟೋಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಠಾಣೆ ಹಲ್ಲು ವೈದ್ಯೆ · 10:41

ಮೊದಲ ದಿನವೇ ಮುಕ್ಕಳಿಸಿದ್ದು, ಉಗುಳಿದ್ದು, ಅದೇ ಕಾರಣ. ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರಬೇಕು. ನೀವು ಪ್ರತಿ ಸಲ ಆ ಮುಚ್ಚಳ ತೆಗೆದಿರಿ. ಫೆನಿ ಗಾಯವನ್ನು ಸುಡುತ್ತದೆ ಅಷ್ಟೇ.

ಎಂಜಲು ಒಂದು ದಿನ ಗುಲಾಬಿ ಬಣ್ಣ ಇದ್ದರೆ ಪರವಾಗಿಲ್ಲ. ಬಾಯಿ ತುಂಬ ರಕ್ತ ಬಂದರೆ ಸ್ವಚ್ಛ ಬಟ್ಟೆಯನ್ನೋ ಗಾಸ್ ಅನ್ನೋ ಒದ್ದೆ ಮಾಡಿ, ದಪ್ಪ ಮಡಚಿ, ಕುಳಿಯ ಮೇಲೆ ಸರಿಯಾಗಿ ಇಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡಬಾರದು. ಒದ್ದೆ ಟೀ ಬ್ಯಾಗ್ ಕೂಡ ಆಗುತ್ತದೆ, ಅದರ ಟ್ಯಾನಿನ್ ರಕ್ತ ನಿಲ್ಲಲು ಸಹಾಯ ಮಾಡುತ್ತದೆ. ಹೀಗೆ ಎರಡು ಸಲ ಮಾಡಿದರೂ ನಿಲ್ಲದಿದ್ದರೆ ಹೊರಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಇನ್ನೂ ಬೇಗ ಹೊರಡಿ. ಆದರೆ ಆ ಮಾತ್ರೆಯನ್ನು ಹಲ್ಲು ಕೀಳಿಸಲು ಅಂತ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಹೃದಯಕ್ಕೆ, ಮೆದುಳಿಗೆ ಅಪಾಯ.

ಕಿತ್ತು ಎರಡು ಮೂರು ದಿನ ಆದ ಮೇಲೆ, ಕಡಿಮೆಯಾಗುತ್ತಿದ್ದ ನೋವು ತಿರುಗಿ ಕಿವಿಯವರೆಗೆ ಹೊಡೆದರೆ ಹೆಪ್ಪು ಕಳಚಿ ಮೂಳೆ ಬಯಲಾಗಿದೆ ಅಂತ. ಜೀವಕ್ಕೆ ಅಪಾಯವಿಲ್ಲ. ಆದರೆ ಯಾರಿಗೂ ಬೇಡ ಆ ನೋವು. ಮರುದಿನ ಹೋದರೆ ಔಷಧಿ ತುಂಬಿ ಶಮನ ಮಾಡುತ್ತಾರೆ.

ಕೋಥ್ರೂಡ್ ಅಪ್ಪ · 11:25

ಪುಣೆಯಿಂದ. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಬರೆಯುತ್ತೇನೆ.

ಮಗನಿಗೆ ಒಂಬತ್ತು ವರ್ಷ. ಜನವರಿಯಲ್ಲಿ ಸೊಸೈಟಿಯ ಅಂಗಳದಲ್ಲಿ ಕ್ರಿಕೆಟ್. ಚೆಂಡು ಬಾಯಿಗೆ ಬಡಿಯಿತು. ಮೇಲಿನ ಮುಂದಿನ ಹಲ್ಲು ಬೇರು ಸಮೇತ ಹಾರಿ ಮಣ್ಣಿನಲ್ಲಿ ಬಿತ್ತು. ಕೈಯಲ್ಲಿ ಹಿಡಿದಾಗ ಎಷ್ಟು ಉದ್ದ ಇತ್ತೆಂದರೆ ನನಗೆ ಆಶ್ಚರ್ಯ. ಹೊರಗೆ ಕಾಣುವುದು ಅರ್ಧವೂ ಅಲ್ಲ. ಮನೆಗೆ ತಂದು ಸೋಪಿನಲ್ಲಿ ತೊಳೆದೆ. ಹಳೆಯ ಬ್ರಷ್‌ನಿಂದ ಉಜ್ಜಿದೆ, ಬೇರಿನ ಮೇಲೆ ಕೆಂಪು ಪೊರೆ ಇತ್ತು, ಗಲೀಜು ಅಂದುಕೊಂಡು ಅದನ್ನೂ ತೆಗೆದೆ. ಬೆಳ್ಳಗೆ ಮಾಡಿ ಟಿಶ್ಯೂನಲ್ಲಿ ಸುತ್ತಿ, ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಎರಡೂವರೆ ಗಂಟೆ ಆದಮೇಲೆ ಡೆಂಟಿಸ್ಟ್ ಹತ್ತಿರ ಹೋದೆ. ಅವರು ಆ ಟಿಶ್ಯೂ ಬಿಚ್ಚಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಠಾಣೆ ಹಲ್ಲು ವೈದ್ಯೆ · 11:38

ನೀವೊಬ್ಬರೇ ಅಲ್ಲ. ನನ್ನ ಹತ್ತಿರ ಬರುವ ಹೆಚ್ಚಿನವರು ಟಿಶ್ಯೂನಲ್ಲೇ ತರುತ್ತಾರೆ. ಆ ಕೆಂಪು ಪೊರೆಯೇ ಹಲ್ಲನ್ನು ಮೂಳೆಗೆ ಹಿಡಿದಿಡುವ ಜೀವಕೋಶ. ಅದು ಒಣಗಿದರೆ ಸಾಯುತ್ತದೆ. ಸುಮಾರು ಒಂದು ಗಂಟೆ ಒಣಗಿದರೆ ಹಲ್ಲನ್ನು ಹಾಕಿದರೂ ಮತ್ತೆ ಬೆಸೆಯುವ ಆಸೆ ಕಡಿಮೆ.

ಮುಂದೆ ಯಾರಿಗಾದರೂ ಆದರೆ: ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಿದ್ದರೆ ತಣ್ಣನೆಯ ಹಾಲಿನಲ್ಲೋ ನಲ್ಲಿ ನೀರಿನಲ್ಲೋ ಕೆಲವೇ ಸೆಕೆಂಡು ತೊಳೆದು, ಅಲ್ಲೇ ಅದರ ಕುಳಿಗೆ ಒತ್ತಿ ಕೂರಿಸಿ. ಹೌದು, ನೀವೇ. ಮುಂಭಾಗ ಮುಂದಕ್ಕೆ ಬರಲಿ. ಕರವಸ್ತ್ರ ಕಚ್ಚಿಸಿ ಹೊರಡಿ. ಐದು ನಿಮಿಷದೊಳಗೆ ಆದರೆ ಬಹಳ ಒಳ್ಳೆಯದು. ಕೂರಿಸಲು ಧೈರ್ಯ ಇಲ್ಲದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ. ನೀರಿನಲ್ಲಿ ಇಡಬೇಡಿ, ನೀರು ಹೀರಿ ಆ ಕೋಶಗಳು ಒಡೆಯುತ್ತವೆ. ಆಟದ ಮೈದಾನದಲ್ಲಿ ಹಾಲು ಎಲ್ಲಿ ಅಂತೀರಾ? ಮುಂಬೈ ಪುಣೆಯಲ್ಲಿ ಚಹಾ ಟಪರಿ ಇಲ್ಲದ ಮೈದಾನ ತೋರಿಸಿ ನೋಡೋಣ. ಒಡೆಯದ ಪ್ಯಾಕೆಟ್ ಕೇಳಿ, ಒಲೆಯ ಮೇಲಿನ ಬಿಸಿ ಹಾಲು ಬೇಡ. ಮಣ್ಣಿನ ಗಾಯವಾದ್ದರಿಂದ ಟೆಟನಸ್ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿ.

ಇದು ಶಾಶ್ವತ ಹಲ್ಲಿಗೆ ಮಾತ್ರ. ಹಾಲು ಹಲ್ಲು ಬಿದ್ದರೆ ವಾಪಸ್ ತುರುಕಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಕೋಥ್ರೂಡ್ ಅಪ್ಪ · 11:44

ಈಗ ತೆಗೆದು ಹಾಕುವ ಹಲ್ಲು ಮಾಡಿಸಿದ್ದೇವೆ. ಶಾಲೆಯಲ್ಲಿ ಅದನ್ನು ತೆಗೆದು ಗೆಳೆಯರನ್ನು ಹೆದರಿಸುತ್ತಾನೆ. ದವಡೆ ಬೆಳೆದು ನಿಂತ ಮೇಲೆ, ಹದಿನೆಂಟು ದಾಟಿದ ಮೇಲೆ, ಇಂಪ್ಲಾಂಟ್ ನೋಡೋಣ ಅಂದಿದ್ದಾರೆ. ಅವನಿಗೆ ಬೇಜಾರಿಲ್ಲ. ನನಗಿದೆ.

ಸಯಾನ್ ಸಂಶಯಿ · ಮಧ್ಯಾಹ್ನ 1:10

ಎಲ್ಲರೂ ಹೆದರಿಸುವುದೇ ಆಯಿತು. ಈ ಡೆಂಟಿಸ್ಟ್‌ಗಳು ಎಲ್ಲದಕ್ಕೂ ಎಮರ್ಜೆನ್ಸಿ ಅಂತಾರೆ. ನಮ್ಮಜ್ಜಿಗೆ ಹಲ್ಲು ನೋವು ಬಂದರೆ ನೆಲಗುಳ್ಳದ ಬೀಜದ ಹೊಗೆ ಹಾಕಿ ಹುಳ ಬೀಳಿಸುತ್ತಿದ್ದರು. ನಾನೇ ಕಣ್ಣಾರೆ ಹುಳ ನೋಡಿದ್ದೇನೆ. 90 ವರ್ಷ ಬದುಕಿದರು.

ಠಾಣೆ ಹಲ್ಲು ವೈದ್ಯೆ · 1:32

ನೀವು ನೋಡಿದ್ದು ಸುಳ್ಳಲ್ಲ, ಹುಳ ಅಲ್ಲ ಅಷ್ಟೇ. ಬೀಜ ಬಿಸಿಗೆ ಸಿಡಿದಾಗ ಒಳಗಿನ ಮೊಳಕೆ ಸುರುಳಿಯಾಗಿ ಹೊರಗೆ ಬೀಳುತ್ತದೆ. ಹಲ್ಲಿಲ್ಲದ ಮಗುವಿನ ಬಾಯಿಗೆ ಹೊಗೆ ಹಾಕಿದರೂ ಅಷ್ಟೇ "ಹುಳ" ಬೀಳುತ್ತವೆ.

ಎಲ್ಲದಕ್ಕೂ ಎಮರ್ಜೆನ್ಸಿ ಅನ್ನುವುದಿಲ್ಲ. ಐಸ್‌ಕ್ರೀಂ ತಿಂದಾಗ ಝುಂ ಅಂದು ಎರಡು ಮೂರು ಸೆಕೆಂಡಿನಲ್ಲಿ ಹೋದರೆ ಈ ವಾರ ಬಿಡುವಾದಾಗ ತೋರಿಸಿ. ಸಿಮೆಂಟ್ ಬಿದ್ದುಹೋಗಿದೆ, ಕ್ಯಾಪ್ ಕಳಚಿದೆ, ಹಲ್ಲಿನ ಮೂಲೆ ಚೂರು ಮುರಿದಿದೆ, ನೋವಿಲ್ಲ: ಓಡಬೇಕಿಲ್ಲ, ಕ್ಯಾಪ್ ಎಸೆಯದೆ ಇಟ್ಟುಕೊಳ್ಳಿ. ಆದರೆ ಝುಂ ಅನ್ನುವುದು ಅರ್ಧ ನಿಮಿಷ, ಒಂದು ನಿಮಿಷ ಎಳೆಯುತ್ತದೆ, ಬಿಸಿಗೂ ನೋಯುತ್ತದೆ, ರಾತ್ರಿ ಎಬ್ಬಿಸುತ್ತದೆ ಅಂದರೆ ನರ ಉಳಿಯುವುದು ಕಷ್ಟ. ಒಂದೆರಡು ದಿನದಲ್ಲಿ ತೋರಿಸಬೇಕು. ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಕಂಡರೆ ಅವತ್ತೇ. ಮೇಲಿನ ಹಲ್ಲಿನಿಂದ ಊತ ಏರಿ ಕಣ್ಣು ಮುಚ್ಚುತ್ತಿದ್ದರೆ, ಜ್ವರದ ಜೊತೆ ಊತ ಗಂಟೆ ಗಂಟೆಗೂ ಬೆಳೆಯುತ್ತಿದ್ದರೆ, ಬಾಯಿ ತೆರೆಯದಿದ್ದರೆ, ನುಂಗಲು ಆಗದಿದ್ದರೆ, ನಡುರಾತ್ರಿಯಾದರೂ ಆಸ್ಪತ್ರೆ. ಶುಗರ್ ಇರುವವರು, ಕ್ಯಾನ್ಸರ್‌ಗೆ ಕೀಮೋ ತಗೊಳ್ಳುವವರು ಇನ್ನೊಂದು ಹೆಜ್ಜೆ ಮೊದಲೇ ಹೊರಡಬೇಕು.

ನಿಮ್ಮಜ್ಜಿ 90 ಬದುಕಿದ್ದಕ್ಕೆ ಸಂತೋಷ. ಹೊಗೆಗೆ ಆ ಪುಣ್ಯ ಕೊಡಬೇಡಿ.

ನಿಗಡಿ ನಿವಾಸಿ · 2:05

ನಮ್ಮ ಅಪ್ಪನದು ಉಲ್ಟಾ. ಎಡಗಡೆ ಕೆಳದವಡೆ ನೋವು ಅಂತ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಅವರು ಬಡಿದು ನೋಡಿದರು, ಎಕ್ಸ್‌ರೇ ತೆಗೆದರು, ಹಲ್ಲೆಲ್ಲ ಚೆನ್ನಾಗಿದೆ. "ಯಾವಾಗ ನೋಯುತ್ತದೆ?" ಅಂದರು. ಅಪ್ಪ, "ಮೂರನೇ ಮಹಡಿ ಹತ್ತುವಾಗ, ಕೂತರೆ ಹೋಗುತ್ತದೆ" ಅಂದರು. ಡೆಂಟಿಸ್ಟ್ ಗ್ಲೋವ್ಸ್ ತೆಗೆದಿಟ್ಟು, ಫೀಸೂ ತಗೊಳ್ಳದೆ, ನೇರ ಇಸಿಜಿಗೆ ಕಳಿಸಿದರು. ಹೃದಯದ ರಕ್ತನಾಳ ಎರಡು ಕಟ್ಟಿತ್ತು.

ಠಾಣೆ ಹಲ್ಲು ವೈದ್ಯೆ · 2:11

ಆ ಡೆಂಟಿಸ್ಟ್‌ಗೆ ನನ್ನದೊಂದು ನಮಸ್ಕಾರ. ದವಡೆ ನೋವಿನ ಜೊತೆ ಬೆವರು, ಎದೆ ಭಾರ, ಏದುಸಿರು ಇದ್ದರೆ ಹಲ್ಲಿನ ಕುರ್ಚಿಯ ಕಡೆ ಬರಲೇಬೇಡಿ.

ಮಡಗಾಂವ್ ಮಳೆ · 3:20

ನೋವು ಶುರುವಾದರೆ ಡಾಕ್ಟರು ಸಿಗುವವರೆಗೆ ಏನು ತಗೊಳ್ಳಬಹುದು? ನಾನು ಒಂದು ಸಲ ಡಿಸ್ಪ್ರಿನ್ ಮಾತ್ರೆಯನ್ನು ವಸಡಿನ ಮೇಲೇ ಇಟ್ಟುಕೊಂಡು ಮಲಗಿದ್ದೆ. ಬೆಳಿಗ್ಗೆ ಕೆನ್ನೆಯ ಒಳಗೆಲ್ಲ ಬಿಳಿ ಚರ್ಮ ಸುಲಿದು ಬಂತು.

ಠಾಣೆ ಹಲ್ಲು ವೈದ್ಯೆ · 3:34

ಆಸಿಡ್ ಸುಟ್ಟದ್ದು ಅದು. ಮಾತ್ರೆ ನುಂಗಲಿಕ್ಕೆ, ಇಟ್ಟುಕೊಳ್ಳಲಿಕ್ಕಲ್ಲ. ಲವಂಗದ ಎಣ್ಣೆಯೂ ಅಷ್ಟೇ. ಅದರ ಯೂಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಹತ್ತಿಯ ತುದಿಯಲ್ಲಿ ಒಂದು ಹನಿ ಹಲ್ಲಿನ ತೂತಿಗೆ ಮಾತ್ರ. ವಸಡಿಗೆ ಸುರಿದರೆ ಸುಡುತ್ತದೆ.

ದೊಡ್ಡವರಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗುತ್ತದೆ, ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವ ಅಭ್ಯಾಸದವರಿಗೆ ಅಷ್ಟೂ ಬೇಡ. ಹಲ್ಲು ನೋವಿಗೆ ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು, ಗರ್ಭಿಣಿಯರು ತಾವೇ ತಗೊಳ್ಳಬಾರದು. ಈ ಮಳೆಗಾಲದಲ್ಲಿ ಜ್ವರ ಇದ್ದರಂತೂ ಬೇಡವೇ ಬೇಡ. ಡೆಂಗಿ ಇದ್ದರೆ ರಕ್ತಸ್ರಾವ ಹೆಚ್ಚುತ್ತದೆ.

ಗರ್ಭಿಣಿಯರು ಹೆರಿಗೆ ಆಗಲಿ ಅಂತ ಹಲ್ಲು ನೋವು ತಡೆದುಕೊಂಡು ಕೂರಬೇಡಿ. ಚಿಕಿತ್ಸೆ ಮಾಡಬಹುದು, ನಡುವಿನ ಮೂರು ತಿಂಗಳು ಹೆಚ್ಚು ಅನುಕೂಲ. ಕೀವಾಗಿದ್ದರೆ ಯಾವ ತಿಂಗಳಾದರೂ ಕಾಯುವಂತಿಲ್ಲ.

ವಾಸ್ಕೊ ವೆಲ್ಡರ್ · 4:02

ಖರ್ಚಿನ ಮಾತು ಯಾರೂ ಎತ್ತಲಿಲ್ಲ ರೀ. ನಮ್ಮಂಥವರು ತಡ ಮಾಡುವುದು ಸೋಮಾರಿತನದಿಂದ ಅಲ್ಲ.

ಮಾಟುಂಗಾ ಹಳಬ · 4:25

ಇದಕ್ಕೆ ನಾನು ಉತ್ತರ ಕೊಡಬಲ್ಲೆ, ಪ್ರಾಯಶ್ಚಿತ್ತ ಅಂದುಕೊಳ್ಳಿ. ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಇದೆ. ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು. ನಿಮಗೆ ಗೋವಾದಲ್ಲಿ ಬಾಂಬೋಳಿಯಲ್ಲಿ ಗೋವಾ ಡೆಂಟಲ್ ಕಾಲೇಜು, ಅಲ್ಲೇ ಮೆಡಿಕಲ್ ಕಾಲೇಜು ಕೂಡ. ಖಾಸಗಿಗಿಂತ ಬಹಳ ಕಡಿಮೆ ಖರ್ಚು. ಸರತಿ ಉದ್ದ, ಬೆಳಿಗ್ಗೆ ಬೇಗ ಹೋಗಬೇಕು, ಬುತ್ತಿ ಕಟ್ಟಿಕೊಂಡು ಹೋಗಿ. ನನ್ನ ಎರಡು ಹಲ್ಲು ನಾಯರ್‌ನಲ್ಲೇ ತೆಗೆಸಿದ್ದು. ಕಲಿಯುವ ಹುಡುಗಿ ತೆಗೆದಳು, ಹಿಂದೆ ಅವಳ ಮೇಡಂ ನಿಂತಿದ್ದರು. ನನಗಿಂತ ಅವಳೇ ಜಾಸ್ತಿ ಹೆದರಿದ್ದಳು.

ಠಾಣೆ ಹಲ್ಲು ವೈದ್ಯೆ · 4:40

ಹಳಬರ ಮಾತಿಗೆ ಒಂದು ಸೇರಿಸುತ್ತೇನೆ. ಹಲ್ಲಿನ ಕಾಲೇಜು ಹಗಲಿಗೆ. ರಾತ್ರಿ ಉಸಿರಾಟ, ನುಂಗುವ ತೊಂದರೆ, ನಿಲ್ಲದ ರಕ್ತ, ಅಪಘಾತದಲ್ಲಿ ದವಡೆ ಮುರಿತ ಇದ್ದರೆ ಸಯಾನ್, ಕೆಇಎಂ, ಪುಣೆಯ ಸಸೂನ್, ಬಾಂಬೋಳಿಯ ಜಿಎಂಸಿ, ಇಂಥ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಬೇಕು.

ಡೊಂಬಿವಲಿ ಸೊಸೆ · ಶುಕ್ರವಾರ ಸಂಜೆ 6:15

ಮಾವ ಮನೆಗೆ ಬಂದರು. ಗದ್ದದ ಕೆಳಗೆ ಎರಡು ಪಟ್ಟಿ. ಇನ್ನೂ ಗಂಜಿ, ಸಪ್ಪೆ ತೊವ್ವೆ. ಇನ್ಸುಲಿನ್ ಶುರು ಮಾಡಿದ್ದಾರೆ. ನಿನ್ನೆ ಪೈಪ್ ಇಲ್ಲದೆ ಆಡಿದ ಮೊದಲ ಪೂರ್ತಿ ವಾಕ್ಯ, "ಬಿಲ್ ಎಷ್ಟಾಯ್ತು?" ನಾವು ಹೇಳಲಿಲ್ಲ. ಸೊಸೈಟಿಯ ವಾಚ್‌ಮನ್ "ದಾಢ್ ದುಖತ್ ಹೋತೀ ನಾ?" (ದವಡೆ ಹಲ್ಲು ನೋಯ್ತಿತ್ತಲ್ವಾ?) ಅಂತ ಕೇಳಿದ. ಮಾವ ಅವನ ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ, "ಉದ್ಯಾ ಜಾ" (ನಾಳೆ ಹೋಗು) ಅಂತ ಗದರಿಸಿ ಮೇಲೆ ಬಂದರು.

ಆ ಡ್ರಾಯರ್ ಖಾಲಿ ಮಾಡಿದೆ. ಏಳು ಅರ್ಧ ಸ್ಟ್ರಿಪ್ ಸಿಕ್ಕವು.

ಕಾಂದಿವಲಿ ಕಾಫಿ · 6:32

ತುಂಬಾ ಸಮಾಧಾನ ಆಯಿತು. ಡಾಕ್ಟರೇ, ನನ್ನದೊಂದು. ಎರಡು ವಾರದಿಂದ ತಣ್ಣೀರು ಕುಡಿದರೆ ಎಡಗಡೆ ಝುಂ ಅನ್ನುತ್ತದೆ. ಸುಮ್ನೆ ಕೇಳುತ್ತಿದ್ದೇನೆ, ಅಷ್ಟೇನೂ ಇಲ್ಲ.

ಠಾಣೆ ಹಲ್ಲು ವೈದ್ಯೆ · 6:34

ಈಗ ಒಂದು ಗುಟುಕು ಕುಡಿದು ಎಷ್ಟು ಸೆಕೆಂಡು ಇರುತ್ತದೆ ಅಂತ ಎಣಿಸಿ.

ಕಾಂದಿವಲಿ ಕಾಫಿ · 6:37

ನಲವತ್ತು.

ಠಾಣೆ ಹಲ್ಲು ವೈದ್ಯೆ · 6:37

ನಾಳೆ ಶನಿವಾರ. ಬೆಳಿಗ್ಗೆ ಹತ್ತಕ್ಕೆ ಬನ್ನಿ, ಭಾನುವಾರ ನಾನಿರುವುದಿಲ್ಲ.